ಮಲಾಂತರಣ ಚಿಕಿತ್ಸೆಯೂ ಕರುಳಿನ ರಕ್ಷಣಾವ್ಯವಸ್ಥೆಯೂ

ಮನುಷ್ಯನ ದೊಡ್ಡಕರುಳು ಕೋಟ್ಯನುಕೋಟಿ ಸೂಕ್ಷ್ಮಜೀವಿಗಳ ಬೀಡು. ಪರಕೀಯವಾದುದನ್ನು ಎದುರಿಸುವುದೇ ದೇಹದ ರಕ್ಷಣಾವ್ಯವಸ್ಥೆಯ ಧರ್ಮವಾದರೂ, ಆರೋಗ್ಯದ ಸ್ಥಿತಿಯಲ್ಲಿ ಅದು ಈ ಜೀವಿಗಳನ್ನು ಸಹಿಸಿಕೊಂಡಿರುತ್ತದೆ. ಈ ಸಹನೆಯು ಕೆಟ್ಟಾಗ ತಲೆದೋರುವ ವ್ಯಾಧಿಗಳಲ್ಲಿ ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತವು ಮುಖ್ಯವಾದುದು. ಆರೋಗ್ಯವಂತನ ಮಲವನ್ನು ದ್ರವದಲ್ಲಿ ಕದಡಿ, ಶೋಧಿಸಿ, ರೋಗಿಯ ಕರುಳಿಗೆ ಸೇರಿಸುವ ಮಲಾಂತರಣ ಚಿಕಿತ್ಸೆಯು ಈ ಸಹನೆಯನ್ನು ಮರಳಿ ತರಬಲ್ಲುದೆ ಎಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

1958ರಲ್ಲಿ ಅಮೆರಿಕದ ಬೆನ್ ಐಸ್‌ಮನ್ ಮತ್ತು ಅವರ ಸಹೋದ್ಯೋಗಿಗಳು ತೀವ್ರ ಕರುಳುಬೇನೆಯ ನಾಲ್ವರಿಗೆ ಈ ಚಿಕಿತ್ಸೆಯನ್ನು ನೀಡಿ ಗುಣವನ್ನು ಕಂಡರು. 2013ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪ್ರಯೋಗದಲ್ಲಿ, ಕ್ಲಾಸ್ಟ್ರಿಡಿಯಮ್ ಡಿಫಿಸೀಲ್ ಸೋಂಕು ಮರುಕಳಿಸುತ್ತಿದ್ದ 16 ಮಂದಿಯಲ್ಲಿ 13 ಮಂದಿ ಒಂದೇ ಸಲದ ಚಿಕಿತ್ಸೆಯಿಂದ ಗುಣಹೊಂದಿದರು. ಆದರೆ ಅಲ್ಸರೇಟಿವ್ ಕೊಲೈಟಿಸಿನಲ್ಲಿ ಫಲವು ಇಷ್ಟು ಸುಲಭಸಾಧ್ಯವಾಗಲಿಲ್ಲ. 2015ರ ಕೆನಡಾ ದೇಶದ ಪ್ರಯೋಗದಲ್ಲಿ ವಾರಕ್ಕೊಮ್ಮೆಯಂತೆ ಆರು ವಾರ ಚಿಕಿತ್ಸೆ ನೀಡಿದರೂ 38 ಮಂದಿಯಲ್ಲಿ 9 ಮಂದಿಗೆ ಮಾತ್ರ ರೋಗವು ಶಮನವಾಯಿತು. ಬರಿಯ ನೀರನ್ನು ಪಡೆದ 37 ಮಂದಿಯಲ್ಲಿ ಶಮನ ಕಂಡವರು ಇಬ್ಬರು.

ಈ ಅಂತರಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಸೋಂಕಿನಲ್ಲಿ, ಬರಿದಾದ ನೆಲೆಯನ್ನು ಹಿತಕರ ಜೀವಿಗಳು ಮರಳಿ ಆಕ್ರಮಿಸಿದರೆ ಬಹುಮಟ್ಟಿಗೆ ಸಾಕು. ಕೊಲೈಟಿಸಿನಲ್ಲಾದರೋ ಕೆರಳಿದ ರಕ್ಷಣಾವ್ಯವಸ್ಥೆಯೂ ಶಾಂತವಾಗಬೇಕು.

ಶಾಂತಗೊಳಿಸುವ ಕ್ರಮವೇನು? ಕೆಲವು ಬ್ಯಾಕ್ಟೀರಿಯಗಳು ಆಹಾರದ ನಾರನ್ನು ಹುದುಗಿಸಿ ಬ್ಯುಟಿರಿಕ್ ಆಮ್ಲವನ್ನು ಉತ್ಪಾದಿಸುತ್ತವೆ. ಇದು ದೊಡ್ಡಕರುಳಿನ ಒಳಪೊರೆಯ ಜೀವಕೋಶಗಳಿಗೆ ಇಂಧನ. ಅಷ್ಟೇ ಅಲ್ಲದೆ, ಉರಿಯೂತವನ್ನು ಹತ್ತಿಕ್ಕುವ ನಿಯಂತ್ರಕ ಟಿ-ಕಣಗಳ ಬೆಳವಣಿಗೆಗೂ ಇದು ನೆರವಾಗುವುದೆಂದು ಜಪಾನ್ ಮತ್ತು ಅಮೆರಿಕದ ಸಂಶೋಧಕರು 2013ರಲ್ಲಿ ಇಲಿಗಳಲ್ಲಿ ತೋರಿಸಿದರು. ಉರಿಯೂತವುಳ್ಳ ಇಲಿಗಳಿಗೆ ಮಲಾಂತರಣ ಮಾಡಿದಾಗ ಶಾಮಕ ದ್ರವ್ಯವಾದ ಇಂಟರ್‌ಲ್ಯೂಕಿನ್-10 ರಕ್ಷಣಾಕಣಗಳಲ್ಲಿ ಹೆಚ್ಚಿದುದು 2018ರಲ್ಲಿ ವರದಿಯಾಯಿತು.

ಇಲಿಯಲ್ಲಿ ಕಂಡುದನ್ನೆಲ್ಲ ಮನುಷ್ಯನಿಗೆ ಅನ್ವಯಿಸುವುದು ಯುಕ್ತವಲ್ಲ. ಕೆನಡಾದಲ್ಲಿ ಗುಣಹೊಂದಿದ 9 ಮಂದಿಯಲ್ಲಿ 7 ಮಂದಿ ಒಬ್ಬನೇ ದಾನಿಯಿಂದ ಪಡೆದವರು. ಆದುದರಿಂದ ದಾನಿಯ ಆಯ್ಕೆಯೂ ಫಲನಿರ್ಣಾಯಕವಾಗಿರಬಹುದು. ಅಪಾಯವೂ ಇಲ್ಲದಿಲ್ಲ. 2019ರಲ್ಲಿ ಅಮೆರಿಕದಲ್ಲಿ, ದಾನಿಯ ಮಲದಲ್ಲಿದ್ದ ಔಷಧನಿರೋಧಕ ಬ್ಯಾಕ್ಟೀರಿಯದಿಂದ ಇಬ್ಬರು ರೋಗಿಗಳ ರಕ್ತಕ್ಕೆ ಸೋಂಕು ತಗುಲಿ, ಒಬ್ಬರು ಮೃತರಾದರು. ರೋಗಿಯ ರಕ್ಷಣಾಶಕ್ತಿಯನ್ನು ತಿದ್ದಹೊರಟ ಚಿಕಿತ್ಸೆಯು, ಆ ಶಕ್ತಿಯು ಕುಗ್ಗಿರುವವರಲ್ಲಿ ಪ್ರಾಣಾಂತಕವೂ ಆಗಬಹುದು. ದಾನಿಯ ಕಟ್ಟುನಿಟ್ಟಾದ ಪರೀಕ್ಷೆಯು ಈ ಚಿಕಿತ್ಸೆಯ ಅವಿಭಾಜ್ಯ ಅಂಗವೆಂದು ಭಾವಿಸತಕ್ಕದ್ದು.