ಕಂಡಕ್ಟರ್ ಅಪ್ಪ ಮತ್ತು ಯಾರ್ಕ್‌ನ ಕೆಂಪು ಬಸ್ಸು

‘ಒಂದೇ ಟಿಕೆಟ್ನ್ಯಾಗ ಬೇಕಾದಲ್ಲಿ ಇಳಿಯೂದು, ಬೇಕಾದಾಗ ಹತ್ತೂದು? ಹಂಗಾದ್ರ ಚೆಕಿಂಗ್‌ನವರು ಬಂದು ಏನ್ ನೋಡ್ತಾರವ್ವಾ?’

ಇಂಗ್ಲೆಂಡಿನ ಯಾರ್ಕ್ ನಗರದ ಎಕ್ಸಿಬಿಷನ್ ಸ್ಕ್ವೇರ್‌ನಲ್ಲಿ, ತೆರೆದ ಮಾಳಿಗೆಯ ಕೆಂಪು ಬಸ್ಸಿನ ಮುಂದೆ ನಿಂತು ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ವಿಜಯಪುರದಲ್ಲಿ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ಕೇಳಬೇಕಾದ ಪ್ರಶ್ನೆಯೇ. ನನ್ನ ಘಟಿಕೋತ್ಸವಕ್ಕೆಂದು ಜುಲೈನಲ್ಲಿ ಒಬ್ಬನೇ ಬಂದಿದ್ದ. ಇಬ್ಬರ ವಿಮಾನದ ಖರ್ಚು ಬೇಡವೆಂದು ಅವ್ವ ಊರಲ್ಲೇ ಉಳಿದಳು. ನಾನು ಓದಿದ ಲೀಡ್ಸ್‌ನಿಂದ ಯಾರ್ಕ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಹಾವೇರಿಯ ಗೆಳತಿಯೊಬ್ಬಳ ರೂಮು ಅಲ್ಲಿತ್ತು, ಒಂದು ರಾತ್ರಿ ಉಳಿಯುವ ಲೆಕ್ಕದಲ್ಲಿ ಹೊರಟಿದ್ದೆವು.

ಬಸ್ ಟಿಕೆಟ್ ನನ್ನ ಬಜೆಟ್ಟಿನಲ್ಲಿ ಇರಲಿಲ್ಲ. ಇಬ್ಬರ ಟಿಕೆಟ್ ಎಂದರೆ ನನ್ನ ಒಂದು ವಾರದ ದಿನಸಿ. ಆದರೆ ಮೂವತ್ತೊಂದು ವರ್ಷ ನಿಂತೇ ದುಡಿದ ಮೊಣಕಾಲುಗಳು ಅವು, ಎಷ್ಟು ದೂರ ನಡೆಸಲಿ? ಮಾರ್ಚ್‌ನಲ್ಲಿ ಒಬ್ಬಳೇ ಬಂದಾಗ ಕೋಟೆಗೋಡೆಯ ಇಳಿಜಾರಿನ ತುಂಬ ಹಳದಿ ಡ್ಯಾಫೊಡಿಲ್ ಹೂಗಳಿದ್ದವು. ಆಗ ಇಡೀ ಊರನ್ನು ಕಾಲ್ನಡಿಗೆಯಲ್ಲೇ ಸುತ್ತಿದ್ದೆ, ಖರ್ಚು ಬರೀ ಒಂದು ಕಾಫಿ.

ಮೇಲಿನ ಡೆಕ್ಕಿನಲ್ಲಿ ಮುಂದಿನ ಸೀಟೇ ಸಿಕ್ಕಿತು. ಬೇಸಿಗೆಯಾದರೂ ಗಾಳಿ ಚಳಿಚಳಿ. ಅಪ್ಪ ಚೀಲದಿಂದ ಮಂಕಿ ಕ್ಯಾಪ್ ತೆಗೆದ. ಒಂದು ಸುತ್ತು ಸುಮಾರು ಒಂದು ಗಂಟೆ. ಇಂಥ ಬಸ್ಸಿನಲ್ಲಿ ನೀವು ಎಂದಾದರೂ ಹೋದರೆ ಮೊದಲ ಸುತ್ತಿನಲ್ಲಿ ಎಲ್ಲೂ ಇಳಿಯಬೇಡಿ. ಊರಿನ ನಕ್ಷೆ ತಲೆಯಲ್ಲಿ ಕೂರಲಿ, ಆಮೇಲೆ ಎಲ್ಲಿ ಇಳಿಯಬೇಕೆಂದು ನಿಮಗೇ ಗೊತ್ತಾಗುತ್ತದೆ. ನಾನು ಇದಕ್ಕೆ ವಿರುದ್ಧವಾಗಿ ಎರಡನೇ ಸ್ಟಾಪಿನಲ್ಲೇ ಇಳಿಯೋಣ ಎಂದೆ. ‘ರೂಟ್ ನೋಡದ ಇಳೀತಾರೇನು? ಕುಂಡ್ರು’ ಅಂದ.

ಕ್ರಿ.ಶ. 71ರಲ್ಲಿ ರೋಮನ್ ಸೈನಿಕರು ಕಟ್ಟಿದ ಊರು ಇದು. ಆಗಿನ ಹೆಸರು ಎಬೊರಾಕಮ್. ಕಾನ್‌ಸ್ಟಂಟೈನ್‌ನನ್ನು ಸೈನಿಕರು ಚಕ್ರವರ್ತಿಯೆಂದು ಸಾರಿದ್ದು 306ರಲ್ಲಿ, ಇಲ್ಲೇ. 866ರಲ್ಲಿ ವೈಕಿಂಗರು ಬಂದು ಹಿಡಿದರು. ಹೆಸರು ಯೊರ್ವಿಕ್ ಆಯಿತು, ಕೊನೆಗೆ ಯಾರ್ಕ್. ಬೀದಿಗಳ ಹೆಸರಿಗೆ ‘ಗೇಟ್’ ಅಂಟಿಕೊಂಡಿರುವುದು ಆ ವೈಕಿಂಗರ ಭಾಷೆಯಿಂದ. ಹಾಗಾಗಿ ಇಲ್ಲಿ ಬೀದಿಗೆ ಗೇಟ್ ಅಂತಾರೆ, ಕೋಟೆಬಾಗಿಲಿಗೆ ಬಾರ್ ಅಂತಾರೆ, ಬಾರಿಗೆ ಪಬ್ ಅಂತಾರೆ. ಇದು ಊರಿನವರದೇ ಹಳೆಯ ಜೋಕು. ಅಪ್ಪನಿಗೆ ವಿವರಿಸಲು ನಾಲ್ಕು ನಿಮಿಷ ಹಿಡಿಯಿತು, ನಗಲು ಇನ್ನೂ ಎರಡು.

ಮಿಕಲ್‌ಗೇಟ್ ಬಾರ್ ರಾಜರು ಊರೊಳಗೆ ಬರುತ್ತಿದ್ದ ಹೆಬ್ಬಾಗಿಲು. ಶತ್ರುಗಳ ತಲೆ ಕಡಿದು ತೂಗುಹಾಕುತ್ತಿದ್ದದ್ದೂ ಅದರ ಮೇಲೇ. 1460ರಲ್ಲಿ ಯಾರ್ಕ್‌ನ ಡ್ಯೂಕ್ ರಿಚರ್ಡ್‌ನ ತಲೆಗೆ ಕಾಗದದ ಕಿರೀಟ ಹಾಕಿ ಅಲ್ಲಿ ಇಟ್ಟಿದ್ದರಂತೆ. ಎತ್ತರದ ದಿಬ್ಬದ ಮೇಲೆ ಕ್ಲಿಫರ್ಡ್ಸ್ ಟವರ್ ಇದೆ. ಈಗಿನ ಕಲ್ಲಿನ ಗೋಪುರ 13ನೇ ಶತಮಾನದ್ದು. ಅದಕ್ಕೂ ಮುಂಚೆ ಅಲ್ಲಿದ್ದ ಮರದ ಗೋಪುರದಲ್ಲಿ 1190ರ ಮಾರ್ಚ್‌ನಲ್ಲಿ ಊರಿನ ಯಹೂದಿಗಳು ಗುಂಪಿನ ದಾಳಿಗೆ ಹೆದರಿ ಅಡಗಿದ್ದರು. ಸುಮಾರು 150 ಜನ ಸತ್ತರು, ಹೆಚ್ಚಿನವರು ತಮ್ಮ ಕೈಯಾರೆ. ಅಪ್ಪ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡ.

ಬಸ್ಸಿನದೊಂದು ಕೊರತೆ ಹೇಳಲೇಬೇಕು. ಕೋಟೆಯೊಳಗಿನ ಇಕ್ಕಟ್ಟು ಬೀದಿಗಳಿಗೆ ಅದು ನುಗ್ಗುವುದಿಲ್ಲ, ನುಗ್ಗಲು ಜಾಗವೂ ಇಲ್ಲ. ಶ್ಯಾಂಬಲ್ಸ್ ಎಂಬ ಹಳೆಯ ಕಟುಕರ ಬೀದಿಯಲ್ಲಿ ಎರಡು ಬದಿಯ ಮನೆಗಳ ಮಾಳಿಗೆಗಳು ಮೇಲೆ ಒಂದಕ್ಕೊಂದು ತಾಕುವಷ್ಟು ಬಾಗಿವೆ. ಅಲ್ಲಿ ಕಾಲೇ ಗತಿ. ಬಸ್ಸಲ್ಲೇ ಕೂತು ‘ಯಾರ್ಕ್ ನೋಡಿದೆ’ ಅಂದರೆ ಅದು ಗೋಳಗುಮ್ಮಟದ ಗೇಟಿನಲ್ಲಿ ಸೆಲ್ಫಿ ತೆಗೆದುಕೊಂಡು ಬಂದಂತೆ.

ಎರಡನೇ ಸುತ್ತಿನಲ್ಲಿ ನ್ಯಾಷನಲ್ ರೈಲ್ವೆ ಮ್ಯೂಸಿಯಂಗೆ ಹೋದೆವು. ಪ್ರವೇಶ ಉಚಿತ. 1938ರಲ್ಲಿ ಗಂಟೆಗೆ 203 ಕಿ.ಮೀ. ಓಡಿ ಉಗಿಬಂಡಿಗಳ ದಾಖಲೆ ಬರೆದ ‘ಮ್ಯಾಲರ್ಡ್’ ಎಂಜಿನ್ನಿನ ಸುತ್ತ ಅಪ್ಪ ಮೂರು ಪ್ರದಕ್ಷಿಣೆ ಹಾಕಿದ. ಯಾರ್ಕ್ ಮಿನ್‌ಸ್ಟರ್ ಚರ್ಚ್‌ಗೆ ಟಿಕೆಟ್ ಇತ್ತು, ಹೊರಗಿನಿಂದಲೇ ನೋಡಿದೆವು. 1408ರಲ್ಲಿ ಮುಗಿದ ಅದರ ಪೂರ್ವದ ಬಣ್ಣಗಾಜಿನ ಕಿಟಕಿ ಒಂದು ಟೆನಿಸ್ ಅಂಗಳದಷ್ಟು ದೊಡ್ಡದು. ಒಳಗಿನಿಂದ ನೋಡಬೇಕಾದ್ದು, ದುಡ್ಡಿರಲಿಲ್ಲ.

ಕೋಟೆಗೋಡೆ ಹತ್ತಲು ಮಾತ್ರ ದುಡ್ಡು ಬೇಡ, ಕತ್ತಲಾಗುವ ತನಕ ತೆರೆದಿರುತ್ತದೆ. ‘ಮೊಣಕಾಲು ಬ್ಯಾನಿ ಆದ್ರ?’ ಅಂದೆ. ‘ಗೋಳಗುಮ್ಮಟ ಹತ್ತಿದಂವ ಅದೀನಿ’ ಎಂದು ಬೂಥಮ್ ಬಾರ್‌ನ ಮೆಟ್ಟಿಲು ಏರಿಯೇಬಿಟ್ಟ. ಗೋಡೆಯ ಉದ್ದ ಸುಮಾರು 3.4 ಕಿ.ಮೀ. ನಾವು ನಡೆದದ್ದು ಮಾಂಕ್ ಬಾರ್ ತನಕದ ತುಣುಕು. ಒಂದು ಬದಿಗೆ ಮಿನ್‌ಸ್ಟರ್, ಅದರ ಕೆಳಗೆ ಮನೆಗಳ ಹಿತ್ತಿಲು. 1800ರ ಸುಮಾರಿಗೆ ನಗರಾಡಳಿತವೇ ಈ ಗೋಡೆ ಕೆಡವಲು ಹೊರಟಿತ್ತು, ರಿಪೇರಿ ಖರ್ಚು ಮತ್ತು ಓಡಾಟಕ್ಕೆ ಅಡ್ಡಿ ಎಂದು. ಚಿತ್ರಕಾರ ವಿಲಿಯಂ ಎಟಿಯಂಥವರು ಹಟ ಹಿಡಿದು ಉಳಿಸಿದರು. ಹಾಗಿದ್ದೂ ಬಾಗಿಲುಗಳ ಮುಂಗೋಟೆಗಳು ಹೋದವು, ವಾಮ್‌ಗೇಟ್ ಬಾರ್‌ನದು ಮಾತ್ರ ಇದೆ.

‘ನಮ್ಮ ಗ್ವಾಡಿ ಇದಕ್ಕಿಂತ ದೊಡ್ಡದು ಬಿಡು’ ಅಂದ ಅಪ್ಪ. ನಿಜ. ಆದಿಲ್ ಶಾಹಿಗಳ ವಿಜಯಪುರದ ಕೋಟೆಗೋಡೆ ಸುಮಾರು 10 ಕಿ.ಮೀ. ನಾನು ಅದರ ಮಗ್ಗುಲಲ್ಲೇ ಬೆಳೆದವಳು. ಮಲಿಕ್-ಎ-ಮೈದಾನ್ ತೋಪಿನ ಬುರುಜು ಬಿಟ್ಟರೆ ಬೇರೆಲ್ಲೂ ಹತ್ತಿಲ್ಲ. ಅಲ್ಲಲ್ಲಿ ಕುಸಿದಿದೆ, ಮುಳ್ಳುಕಂಟಿ ಬೆಳೆದಿದೆ. ಯಾರೂ ಹತ್ತು ಅನ್ನಲಿಲ್ಲ, ನಾನೂ ಹತ್ತಲಿಲ್ಲ.

ಗೋಡೆಯ ತಿರುವಿನಲ್ಲಿ ಅಪ್ಪ ಸುಧಾರಿಸಿಕೊಳ್ಳಲು ಕೂತ. ಅಲ್ಲಿಯೇ ಹೇಳಿಬಿಟ್ಟೆ. ‘ಫೈನಲ್ ರೌಂಡ್ ಆಗೈತಿ, ಇನ್ನೇನ್ ಆದಂಗ’ ಎಂದು ಫೋನಿನಲ್ಲಿ ಹೇಳಿದ್ದ ಕೆಲಸ ಸಿಕ್ಕಿರಲಿಲ್ಲ. ಈಮೇಲ್ ಬಂದು ಮೂರು ವಾರವಾಗಿತ್ತು. ಜನವರಿಯಿಂದ ಹಾಕಿದ ಅರ್ಜಿಗಳನ್ನು ಎಣಿಸುವುದನ್ನು ಬಿಟ್ಟಿದ್ದೆ. ಅವನ ನಿವೃತ್ತಿಯ ದುಡ್ಡಿನಲ್ಲಿ ಅರ್ಧ ನನ್ನ ಫೀಸಿಗೆ ಹೋಗಿದೆ, ಉಳಿದದ್ದು ಬ್ಯಾಂಕಿನ ಸಾಲ.

ಅಪ್ಪ ಮಂಕಿ ಕ್ಯಾಪ್ ತೆಗೆದು ಮಡಚಿದ. ‘ಅವ್ವಗ ಹೇಳೀಯೇನು?’

‘ಇಲ್ಲ.’

‘ನಾ ಹೇಳ್ತೀನಿ ತಗೋ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೂರು ವಾರ ಒಬ್ಬಾಕೀನೇ ಇಟಗೊಂಡು ಕುಂತಿದ್ದೇನು?’ ಅಂದ. ಆಮೇಲೆ ಬಸ್ ಟಿಕೆಟ್ ತೆಗೆದು ನನ್ನ ಕೈಗೆ ಕೊಟ್ಟು, ಇಂಗ್ಲಿಷಿನಲ್ಲಿ ಏನು ಬರೆದಿದೆ ಪೂರ್ತಿ ಓದು ಎಂದ. 24 ಗಂಟೆ ಎಂದಿತ್ತು. ನಾವು ಮೊದಲ ಸಲ ಹತ್ತಿದ್ದು ಹನ್ನೊಂದೂವರೆಗೆ.

ಮರುದಿನ ಬೆಳಿಗ್ಗೆ ಹತ್ತಕ್ಕೇ ನಾವು ಎಕ್ಸಿಬಿಷನ್ ಸ್ಕ್ವೇರ್‌ನಲ್ಲಿದ್ದೆವು. ಬಸ್ಸು ಬಂತು. ಅಪ್ಪ ಎರಡೂ ಟಿಕೆಟ್ ಬಿಡಿಸಿ ಡ್ರೈವರ್ ಮುಂದೆ ಹಿಡಿದ. ಆತ ಕಣ್ಣು ಹಾಯಿಸದೆಯೇ ನಕ್ಕು, ಮೇಲೆ ಹೋಗಿ ಎಂದು ಕೈ ಮಾಡಿದ. ಮೆಟ್ಟಿಲು ಹತ್ತುತ್ತಾ ಅಪ್ಪ ಎರಡು ಸಲ ಹಿಂದಿರುಗಿ ನೋಡಿದ.

‘ಟೈಮ್ ನೋಡ್ಲೇ ಇಲ್ಲಲ್ಲವ್ವಾ ಅಂವ!’