ಪ್ರೋಟೀನು ಮತ್ತು ಸ್ನಾಯು: ಎಷ್ಟು ತಿಂದರೆ ಸಾಕು?



ಮೈಕಟ್ಟು ಬೆಳೆಸಿಕೊಳ್ಳಬೇಕೆಂಬುದು ಹರೆಯದವರ ಸಹಜವಾದ ಆಸೆ. ಹಿಂದೆ ಅದಕ್ಕಾಗಿ ಊರಿನ ಗರಡಿಮನೆಗೆ ಹೋಗಿ ಸಾಮು ಮಾಡುತ್ತಿದ್ದರು. ಈಗ ಪಟ್ಟಣಗಳಲ್ಲಿ ಜಿಮ್‌ಗಳಿಗೆ ಹೋಗುತ್ತಾರೆ. ಗರಡಿಯ ಪೈಲ್ವಾನರು ಹಾಲು, ತುಪ್ಪ, ಬಾದಾಮಿಯನ್ನು ನಂಬಿದ್ದರೆ, ಜಿಮ್‌ಗೆ ಹೋಗುವ ಅನೇಕರು ಡಬ್ಬಿಯಲ್ಲಿ ಬರುವ ಪ್ರೋಟೀನ್ ಪುಡಿಯನ್ನು ನಂಬುತ್ತಾರೆ. ಊಟ ತಿಂಡಿಯ ಖರ್ಚನ್ನು ಹಿಡಿತ ಮಾಡಿ ಆ ಹಣದಲ್ಲಿ ಪುಡಿ ಕೊಳ್ಳುವವರೂ ಇದ್ದಾರೆ. ಇದು ಸರಿಯೇ? ಪ್ರೋಟೀನು ಹೆಚ್ಚಿದಷ್ಟೂ ಸ್ನಾಯು ಹೆಚ್ಚುತ್ತದೆಯೇ? ಕಿರುತೆರೆಯ ಮೇಲೆ ಅಂಕಿಗಳು ಬೇಗ ಸರಿದುಹೋಗುತ್ತವೆ. ಇಲ್ಲಿ ಪೆನ್ಸಿಲು ಹಿಡಿದು ನಿಧಾನವಾಗಿ ಲೆಕ್ಕ ಹಾಕೋಣ.

ಬೆಟ್ಟ ಹತ್ತಿದ ವಿಜ್ಞಾನಿಗಳು

ಸ್ನಾಯು ಕೆಲಸ ಮಾಡುವಾಗ ತನ್ನಲ್ಲಿರುವ ಪ್ರೋಟೀನನ್ನೇ ಉರಿಸಿ ಶಕ್ತಿ ಪಡೆಯುತ್ತದೆ ಎಂದು 19ನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ಪ್ರಸಿದ್ಧ ರಸಾಯನ ವಿಜ್ಞಾನಿ ಲೀಬಿಗ್ ಹೇಳಿದ್ದರು. ಇದನ್ನು ಪರೀಕ್ಷಿಸಲು 1865ರಲ್ಲಿ ಫಿಕ್ ಮತ್ತು ವಿಸ್ಲಿಸೇನಸ್ ಎಂಬ ಇಬ್ಬರು ವಿಜ್ಞಾನಿಗಳು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಬೆಟ್ಟವನ್ನು ಹತ್ತಿದರು. ಹಿಂದಿನ ದಿನದಿಂದಲೇ ಪ್ರೋಟೀನಿರುವ ಆಹಾರವನ್ನು ಬಿಟ್ಟು, ಪಿಷ್ಟ, ಕೊಬ್ಬು, ಸಕ್ಕರೆಗಳನ್ನು ಮಾತ್ರ ಸೇವಿಸಿದರು. ಪ್ರೋಟೀನು ಉರಿದಾಗ ಅದರಲ್ಲಿರುವ ನೈಟ್ರೋಜನ್ ಮೂತ್ರದ ಮೂಲಕ ಹೊರಬೀಳುತ್ತದೆ. ಆದ್ದರಿಂದ ಅವರು ತಮ್ಮ ಮೂತ್ರವನ್ನು ಸಂಗ್ರಹಿಸಿ ಅದರ ನೈಟ್ರೋಜನ್ನನ್ನು ಅಳೆದರು. ಲೆಕ್ಕ ಹಾಕಿ ನೋಡಿದಾಗ, ಉರಿದ ಪ್ರೋಟೀನಿನಿಂದ ಬಂದಿರಬಹುದಾದ ಶಕ್ತಿ ಅಷ್ಟು ಎತ್ತರ ಹತ್ತಲು ಸಾಲದೆಂಬುದು ಸ್ಪಷ್ಟವಾಯಿತು. ಸ್ನಾಯುವಿನ ಮುಖ್ಯ ಇಂಧನ ಪಿಷ್ಟ ಮತ್ತು ಕೊಬ್ಬು.

ಹಾಗಾದರೆ ಪ್ರೋಟೀನಿನ ಕೆಲಸವೇನು? ಅದು ಕಟ್ಟಡದ ಸಾಮಗ್ರಿ. ನಾವು ತಿಂದ ಪ್ರೋಟೀನು ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ. ದೇಹ ಇವನ್ನು ಬೇಕಾದ ಕ್ರಮದಲ್ಲಿ ಮತ್ತೆ ಪೋಣಿಸಿ ತನ್ನದೇ ಪ್ರೋಟೀನುಗಳನ್ನು ಕಟ್ಟಿಕೊಳ್ಳುತ್ತದೆ. ಇದಕ್ಕೆ ಬಳಕೆಯಾಗುವ 20 ಬಗೆಯ ಅಮೈನೋ ಆಮ್ಲಗಳ ಪೈಕಿ 9 ನಮಗೆ ಆಹಾರದಿಂದಲೇ ದೊರೆಯಬೇಕು.

ಅಪ್ಪಣೆ ಕೊಡುವುದು ವ್ಯಾಯಾಮ

ನಮ್ಮ ಸ್ನಾಯುಗಳಲ್ಲಿ ಹಗಲು ರಾತ್ರಿ ಎರಡು ಕೆಲಸಗಳು ನಡೆಯುತ್ತಿರುತ್ತವೆ. ಹಳೆಯ ಪ್ರೋಟೀನು ಒಡೆಯುತ್ತದೆ, ಹೊಸದು ಕೂಡಿಕೊಳ್ಳುತ್ತದೆ. ಕೂಡುವುದು ಒಡೆಯುವುದಕ್ಕಿಂತ ಹೆಚ್ಚಾದಾಗ ಮಾತ್ರ ಸ್ನಾಯು ಬೆಳೆಯುತ್ತದೆ.

ಭಾರ ಎತ್ತಿದಾಗ, ದಂಡ ಬಸ್ಕಿ ಹೊಡೆದಾಗ ಸ್ನಾಯುವಿನ ಎಳೆಗಳ ಮೇಲೆ ಸೆಳೆತ ಬೀಳುತ್ತದೆ. ಈ ಸೆಳೆತವೇ ಜೀವಕೋಶಗಳಿಗೆ ಹೊಸ ಪ್ರೋಟೀನು ಕಟ್ಟಲು ಸೂಚನೆ. ಒಮ್ಮೆ ಚೆನ್ನಾಗಿ ವ್ಯಾಯಾಮ ಮಾಡಿದರೆ ಈ ಕಟ್ಟುವ ಕೆಲಸ ಒಂದೆರಡು ದಿನಗಳವರೆಗೆ ಚುರುಕಾಗಿರುತ್ತದೆ. ಆ ಅವಧಿಯಲ್ಲಿ ಊಟದಿಂದ ಬಂದ ಅಮೈನೋ ಆಮ್ಲಗಳು, ಅವುಗಳಲ್ಲೂ ಲ್ಯೂಸಿನ್ ಎಂಬುದು, ಅದನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಕಾಲು ಮುರಿದು ಕೆಲವು ವಾರ ಪ್ಲಾಸ್ಟರ್ ಹಾಕಿಸಿಕೊಂಡವರನ್ನು ನೀವು ನೋಡಿರಬಹುದು. ಊಟ ಎಂದಿನಂತೆಯೇ ಇದ್ದರೂ ಪ್ಲಾಸ್ಟರ್ ತೆಗೆದಾಗ ಆ ಕಾಲು ಸಣ್ಣಗಾಗಿರುತ್ತದೆ. ಗಾರೆಯವನೇ ಬಾರದಿದ್ದರೆ ಅಂಗಳದಲ್ಲಿ ಎಷ್ಟು ಲೋಡು ಇಟ್ಟಿಗೆ ಇಳಿಸಿದರೂ ಗೋಡೆ ಏಳುವುದಿಲ್ಲ. ಆದರೆ ಗಾರೆಯವನು ಬಂದು ಕುಳಿತಾಗ ಇಟ್ಟಿಗೆಯಿಲ್ಲದಿದ್ದರೂ ಗೋಡೆ ಏಳುವುದಿಲ್ಲ ಎಂಬುದನ್ನೂ ಮರೆಯಬಾರದು.

ಎಷ್ಟು ಬೇಕು?

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ 0.83 ಗ್ರಾಂ ಪ್ರೋಟೀನು ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿತು. ಧಾನ್ಯವೇ ಹೆಚ್ಚಾಗಿದ್ದು ಬೇಳೆ, ಹಾಲು ಕಡಿಮೆಯಿರುವ ಊಟವಾದರೆ 1 ಗ್ರಾಂ ಬೇಕು. ನಿಮ್ಮ ತೂಕ 60 ಕಿಲೋ ಎಂದುಕೊಳ್ಳಿ. ಆಗ ದಿನಕ್ಕೆ 50ರಿಂದ 60 ಗ್ರಾಂ ಆಯಿತು.

ಇದು ದೇಹದ ಆರೋಗ್ಯವನ್ನು ಕಾಯ್ದುಕೊಳ್ಳಲು. ಸ್ನಾಯು ಬೆಳೆಸುವವರಿಗೆ? ಈ ಬಗೆಗಿನ 49 ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 1,863 ಜನ ಪಾಲ್ಗೊಂಡಿದ್ದರು. ಎಲ್ಲರೂ ಭಾರ ಎತ್ತುವ ವ್ಯಾಯಾಮ ಮಾಡಿದರು. ಕೆಲವರಿಗೆ ಮಾತ್ರ ಹೆಚ್ಚುವರಿ ಪ್ರೋಟೀನು ಕೊಡಲಾಯಿತು. ಹೆಚ್ಚುವರಿ ಪ್ರೋಟೀನು ಪಡೆದವರಲ್ಲಿ ಕೊಬ್ಬಿಲ್ಲದ ದೇಹತೂಕ ಉಳಿದವರಿಗಿಂತ ಸರಾಸರಿ 0.3 ಕಿಲೋಗ್ರಾಂನಷ್ಟೇ ಹೆಚ್ಚು ಬೆಳೆಯಿತು. ದಿನದ ಒಟ್ಟು ಪ್ರೋಟೀನು ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ತಲುಪಿದ ಮೇಲೆ, ಇನ್ನೂ ಹೆಚ್ಚಿಸಿದ್ದರಿಂದ ಸರಾಸರಿಯಲ್ಲಿ ಮತ್ತಷ್ಟು ಲಾಭ ಕಾಣಲಿಲ್ಲ. ನಮ್ಮ 60 ಕಿಲೋ ಲೆಕ್ಕದಲ್ಲಿ ಈ ಮಿತಿ 96 ಗ್ರಾಂ.

ಮಿತಿ ಮೀರಿದ ಪ್ರೋಟೀನನ್ನು ದೇಹ ಪ್ರೋಟೀನಾಗಿಯೇ ಕೂಡಿಡಲಾರದು. ಅದರ ನೈಟ್ರೋಜನ್ ಯಕೃತ್ತಿನಲ್ಲಿ ಯೂರಿಯಾ ಆಗಿ, ಮೂತ್ರಪಿಂಡಗಳ ಮೂಲಕ ಹೊರಹೋಗುತ್ತದೆ. ಉಳಿದ ಭಾಗ ಇಂಧನವಾಗಿ ಉರಿಯುತ್ತದೆ ಇಲ್ಲವೇ ಕೊಬ್ಬಾಗುತ್ತದೆ. ದುಬಾರಿ ಪುಡಿ ಕೊನೆಗೆ ಅಕ್ಕಿ ಮಾಡಬಹುದಾದ ಕೆಲಸವನ್ನೇ ಮಾಡಿದಂತಾಯಿತು! ಹೊಟ್ಟೆ ತುಂಬ ಉಣ್ಣದಿದ್ದಾಗಲೂ ಇದೇ ಗತಿ. ಇಂಧನ ಸಾಲದೆ ದೇಹ ಪ್ರೋಟೀನನ್ನೇ ಉರಿಸತೊಡಗುತ್ತದೆ. ಆದ್ದರಿಂದ ಊಟ ಬಿಟ್ಟು ಪುಡಿ ಕುಡಿಯುವುದು ನಷ್ಟದ ವ್ಯಾಪಾರ.

ನಮ್ಮ ತಟ್ಟೆಯ ಲೆಕ್ಕ

ಇನ್ನು ಒಂದು ದಿನದ ಸಾಧಾರಣ ಊಟವನ್ನು ನೋಡೋಣ. ತೂಕವೆಲ್ಲ ಬೇಯಿಸುವ ಮುಂಚಿನದು, ಪ್ರೋಟೀನು ಅಂದಾಜಿನದು.

ರಾಗಿ ಹಿಟ್ಟು 100 ಗ್ರಾಂ: 7 ಗ್ರಾಂ
ಅಕ್ಕಿ 150 ಗ್ರಾಂ: 12 ಗ್ರಾಂ
ಗೋಧಿ ಹಿಟ್ಟು 75 ಗ್ರಾಂ: 8 ಗ್ರಾಂ
ಬೇಳೆ, ಹೆಸರುಕಾಳು, ಹುರುಳಿ ಸೇರಿ 75 ಗ್ರಾಂ: 16 ಗ್ರಾಂ
ಹಾಲು, ಮೊಸರು ಅರ್ಧ ಲೀಟರು: 16 ಗ್ರಾಂ
ಕಡಲೆಕಾಯಿ ಬೀಜ 30 ಗ್ರಾಂ: 7 ಗ್ರಾಂ

ಒಟ್ಟು 66 ಗ್ರಾಂ. ಎರಡು ಕೋಳಿಮೊಟ್ಟೆ ಸೇರಿಸಿದರೆ 12 ಗ್ರಾಂ ಹೆಚ್ಚುತ್ತದೆ. ಮೊಟ್ಟೆ ತಿನ್ನದವರು 30 ಗ್ರಾಂ ಸೋಯಾ ತುಣುಕುಗಳನ್ನು ಪಲ್ಯಕ್ಕೆ ಹಾಕಿಕೊಂಡರೆ ಸುಮಾರು 15 ಗ್ರಾಂ ದೊರೆಯುತ್ತದೆ. ಪ್ರತಿ ಕಿಲೋಗೆ 1.3 ಗ್ರಾಂ ಲೆಕ್ಕ ಮನೆಯ ಊಟದಲ್ಲಿಯೇ ಮುಟ್ಟಿತು.

ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳ. ಬೇಳೆಕಾಳುಗಳಲ್ಲಿ ಕಡಿಮೆಯಿರುವ ಮಿಥಿಯೋನಿನ್ ಧಾನ್ಯಗಳಿಂದ ಒದಗುತ್ತದೆ. ಮುದ್ದೆಗೆ ಕಾಳಿನ ಸಾರು, ಅನ್ನಕ್ಕೆ ಹುಳಿ, ಅಕ್ಕಿಗೆ ಉದ್ದು ಬೆರೆಸಿದ ಇಡ್ಲಿ, ಇವೆಲ್ಲ ಪರಸ್ಪರ ಕೊರತೆ ತುಂಬುವ ಜೋಡಿಗಳು. ಆದರೆ ಸಾರು ತೀರಾ ತಿಳಿಯಾದರೆ ಈ ಲೆಕ್ಕ ತಪ್ಪುತ್ತದೆ. ಕಾಳು ತಟ್ಟೆಗೆ ಬೀಳಬೇಕು.

ಪ್ರೋಟೀನನ್ನು ಒಂದೇ ಹೊತ್ತಿಗೆ ತುಂಬಿಕೊಳ್ಳುವ ಬದಲು ಮೂರು ನಾಲ್ಕು ಹೊತ್ತಿಗೆ ಹಂಚಿಕೊಳ್ಳುವುದು ಒಳ್ಳೆಯದು. ಬೆಳಗಿನ ತಿಂಡಿಯನ್ನು ಬಿಟ್ಟು ಕಾಲೇಜಿಗೆ ಓಡುವ ಹುಡುಗ ಹುಡುಗಿಯರು ಇದನ್ನು ಗಮನಿಸಬೇಕು. ಮೇಲಿನ ಪ್ರತಿ ಕಿಲೋ ಲೆಕ್ಕ ಹುಡುಗಿಯರಿಗೂ ಅಷ್ಟೇ ಅನ್ವಯಿಸುತ್ತದೆ.

ಡಬ್ಬಿಯ ವಿಚಾರ

ಪ್ರೋಟೀನ್ ಪುಡಿ ವಿಷವೇನೂ ಅಲ್ಲ. ಹೆಚ್ಚು ಮಾರಾಟವಾಗುವ ವ್ಹೇ ಪುಡಿಯ ಮೂಲ, ಹಾಲು ಒಡೆದಾಗ ಉಳಿಯುವ ತಿಳಿನೀರು. ಅಳತೆಯ ಒಂದು ಚಮಚದಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಪ್ರೋಟೀನಿರುತ್ತದೆ. ನಾಲ್ಕು ಮೊಟ್ಟೆಗಳಲ್ಲಿಯೂ ಅಷ್ಟೇ ಇರುತ್ತದೆ. ಬೆಲೆಯನ್ನು ನೀವೇ ಹೋಲಿಸಿ ನೋಡಿ. ಮೈಕಟ್ಟಿಗಾಗಿ ಇಂಥ ಪುಡಿಗಳನ್ನು ಬಳಸಬೇಡಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ತನ್ನ ಆಹಾರ ಮಾರ್ಗಸೂಚಿಯಲ್ಲಿ ಸಲಹೆ ನೀಡಿದೆ. ಮೂತ್ರಪಿಂಡದ ತೊಂದರೆ ಇರುವವರಂತೂ ವೈದ್ಯರನ್ನು ಕೇಳದೆ ಪ್ರೋಟೀನು ಹೆಚ್ಚಿಸಲೇಬಾರದು. ತಿಂಗಳೊಳಗೆ ಮೈ ಹುರಿಗೊಳಿಸುತ್ತೇವೆಂದು ಯಾರಾದರೂ ಗುಳಿಗೆ, ಚುಚ್ಚುಮದ್ದು ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ವ್ಯಾಯಾಮ ಆರಂಭಿಸಿದ ಮೊದಲ ವಾರಗಳಲ್ಲಿ ಹೆಚ್ಚುವ ಬಲ ಬಹುಮಟ್ಟಿಗೆ ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಲು ಕಲಿತದ್ದರ ಫಲ. ಸ್ನಾಯುವಿನ ಗಾತ್ರ ಕಣ್ಣಿಗೆ ಕಾಣಲು ತಿಂಗಳುಗಳೇ ಬೇಕು. ಕನ್ನಡಿಯನ್ನು ನೋಡಿ ನಿರಾಶರಾಗಬೇಡಿ.

ನಾಳೆ ಒಂದು ದಿನ ನೀವು ತಿಂದದ್ದನ್ನೆಲ್ಲ ಬರೆದಿಡಿ. ಮನೆಯಲ್ಲಿ ಅಡುಗೆ ಮಾಡುವವರನ್ನು ಕೇಳಿ ಅಕ್ಕಿ, ಬೇಳೆಯ ಅಳತೆ ತಿಳಿದುಕೊಂಡು, ಮೇಲಿನ ಪಟ್ಟಿಯಂತೆ ಕೂಡಿ, ನಿಮ್ಮ ತೂಕದಿಂದ ಭಾಗಿಸಿ. ಉತ್ತರ 1ಕ್ಕಿಂತ ಕಡಿಮೆ ಬಂದರೆ, ಮೊದಲು ಸೇರಬೇಕಾದದ್ದು ಒಂದು ಹಿಡಿ ಕಾಳು ಮತ್ತು ಒಂದು ಲೋಟ ಹಾಲು.