ಚಕ್ರದ ಗುಂಯ್‌ಗುಡಿತ: ಟೈರಿನದೋ, ಬೇರಿಂಗಿನದೋ?

ನಮ್ಮ ಸದಸ್ಯ ಬಾಂಧವರಲ್ಲಿ ಈಗ ಬೆಂಗಳೂರಿನ ಸಂಬಂಧವಿಲ್ಲದವರು ವಿರಳ. ಮಗನೋ ಮಗಳೋ ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೆಲಸದಲ್ಲಿರುತ್ತಾರೆ. ಪಲ್ಪರಿನ ಬಿಡಿಭಾಗ, ಪಂಪ್‌ಸೆಟ್ಟಿನ ಮೋಟಾರು, ಅಡಿಕೆ ಸುಲಿಯುವ ಯಂತ್ರ ಎಂದು ಪೀಣ್ಯದ ಕಡೆಗೂ ಆಗಾಗ ಹೋಗಬೇಕಾಗುತ್ತದೆ. ಸಕಲೇಶಪುರ, ಹಾಸನದ ದಾರಿಯಲ್ಲಿ ಬಂದವರೂ ಶಿವಮೊಗ್ಗ, ತುಮಕೂರಿನ ದಾರಿಯಲ್ಲಿ ಬಂದವರೂ ನೆಲಮಂಗಲದಲ್ಲಿ ಕೂಡಿಕೊಂಡು ಪೀಣ್ಯದ ಮೂಲಕವೇ ನಗರ ಸೇರುವುದು ವಾಡಿಕೆ. ಹೀಗೆ ಹೋಗಿ ಬಂದವರಿಂದ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತಿದೆ: "ಊರಲ್ಲಿ ಇಲ್ಲದ ಸದ್ದು ಹೆದ್ದಾರಿ ಹತ್ತಿದ ಮೇಲೆ ಶುರುವಾಯ್ತು ಮಾರಾಯ್ರೇ. ಚಕ್ರದ ಹತ್ತಿರ ಗುಂಯ್ ಅಂತದೆ."

ಸದ್ದು ಹೆದ್ದಾರಿಯಲ್ಲಿ ಹುಟ್ಟಿದ್ದಲ್ಲ, ಅಲ್ಲಿ ಕೇಳಿಸಿತು ಅಷ್ಟೆ. ತೋಟದ ದಾರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಕಲ್ಲಿನ ಸದ್ದು, ಹಿಂದಿನ ಸೀಟಿನ ಕತ್ತಿ, ಡಬ್ಬಿಗಳ ಸದ್ದು, ಎರಡನೇ ಗೇರಿನ ಇಂಜಿನ್ ಸದ್ದು ಎಲ್ಲ ಸೇರಿ ಚಕ್ರದ ಮಾತನ್ನು ಮುಚ್ಚಿಹಾಕುತ್ತವೆ. ನುಣುಪಾದ ರಸ್ತೆಯಲ್ಲಿ ವೇಗ 70-80ಕ್ಕೆ ಏರಿದಾಗ ಇಂಜಿನ್ ಸದ್ದಿಗಿಂತ ಟೈರಿನ ಸದ್ದೇ ಮುಂದಾಗುತ್ತದೆ. 2001ರಲ್ಲಿ ಬೊಮ್ಮಸಂದ್ರದಿಂದ ಹೊರಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಕೆಲವರು ನೋಡಿರಬಹುದು. ಈಗ ವಿದ್ಯುತ್ ಕಾರುಗಳು ಬೆಂಗಳೂರಿನ ಬೀದಿ ಬೀದಿಯಲ್ಲಿವೆ. ಅವುಗಳಲ್ಲಿ ಇಂಜಿನ್ ಗದ್ದಲವೇ ಇಲ್ಲವಾದ್ದರಿಂದ ಹೊಸ ಟೈರಿನ ಸಹಜ ಸದ್ದು ಕೂಡ ರೋಗದಂತೆ ಕೇಳಿ, ಕೊಂಡವರು ಗಾಬರಿಯಾಗುವುದುಂಟು.

ಆದರೆ ಎಲ್ಲ ಸದ್ದೂ ಸಹಜವಲ್ಲ. ಕೊಪ್ಪದ ಕಡೆಯ ಬೆಳೆಗಾರರೊಬ್ಬರು ಮಗಳ ಮನೆಗೆಂದು ವೈಟ್‌ಫೀಲ್ಡಿಗೆ ಹೋದವರು ಇಂಥದೇ ಸದ್ದಿಗೆ ಅಲ್ಲಿನ ಒಂದು ವರ್ಕ್‌ಶಾಪಿಗೆ ಕಾರು ಬಿಟ್ಟರು. ಮುಂದಿನ ಎರಡೂ ಬೇರಿಂಗ್ ಬದಲಾದವು. ಸದ್ದು ಹೋಗಲಿಲ್ಲ. ಹಿಂದಿನವೂ ಬದಲಾದವು. ಆಗಲೂ ಹೋಗಲಿಲ್ಲ. ಊರಿಗೆ ಮರಳುವಾಗ ಪೀಣ್ಯದ ಹತ್ತಿರ ಗಾಳಿ ಹಾಕಿಸಲು ನಿಲ್ಲಿಸಿದಾಗ ಟೈರ್ ಅಂಗಡಿಯ ಹಿರಿಯರು ಹಿಂದಿನ ಟೈರಿನ ಮೇಲೆ ಅಂಗೈ ಆಡಿಸಿ, "ಯಜಮಾನ್ರೇ, ಬೇರಿಂಗಿಗೆ ಯಾಕೆ ದುಡ್ಡು ಹಾಕಿದ್ರಿ? ಇಲ್ಲಿ ಕೈಯಿಟ್ಟು ನೋಡಿ" ಎಂದರಂತೆ. ಟೈರಿನ ಹಲ್ಲು ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು ಆಗಿ ಸವೆದಿತ್ತು. ಒಂದು ಕ್ವಿಂಟಾಲ್ ಚೆರ್ರಿ ಮಾರಿದ ಹಣ ಹೀಗೆ ವೃಥಾ ಹೋಯಿತೆಂದು ಅವರು ಈಗಲೂ ಪೇಚಾಡುತ್ತಾರೆ. ಇದರ ತಿರುವುಮುರುವು ಇನ್ನೂ ಅಪಾಯಕರ. ಬೇರಿಂಗಿನ ನರಳಾಟವನ್ನು ಟೈರಿನದೆಂದು ತಿಳಿದು, "ಮುಂದಿನ ಕೊಯ್ಲಾದ ಮೇಲೆ ಟೈರು ಹಾಕಿಸಿದರಾಯ್ತು" ಎಂದು ಶಿರಾಡಿ ಘಾಟಿ ಇಳಿಯಹೊರಟರೆ, ಸವೆದ ಬೇರಿಂಗ್ ಕಾದು ಹಿಡಿದುಕೊಂಡು ಚಕ್ರವೇ ಕೈಕೊಡಬಹುದು.

ಆದ್ದರಿಂದ ಮೆಕ್ಯಾನಿಕ್ಕಿನ ಬಳಿ ಹೋಗುವ ಮೊದಲು ನಾವೇ ಕೊಂಚ ಕಿವಿಗೊಡುವುದು ಒಳ್ಳೆಯದು. ಪಂಪ್‌ಸೆಟ್ಟಿನ ಬೇರಿಂಗ್ ಹಾಳಾಗುವುದನ್ನು ನಾಲ್ಕು ದಿನ ಮೊದಲೇ ಸದ್ದಿನಿಂದ ತಿಳಿಯಬಲ್ಲ ಕಿವಿ ನಮ್ಮ ರೈತರದು. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿ ಕೇಳುವ ಉಪಾಯ ನಮಗೆ ಹೊಸತೇನಲ್ಲ. ಅದೇ ಕಿವಿ ಕಾರಿಗೂ ಸಾಕು.

ಮೊದಲು ನೋಡಬೇಕಾದುದು ಸದ್ದು ಇಂಜಿನ್ನಿನದೋ ಚಕ್ರದ್ದೋ ಎಂಬುದನ್ನು. ಸಮತಟ್ಟಾದ, ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ 60ರ ವೇಗದಲ್ಲಿರುವಾಗ ಗೇರನ್ನು ನ್ಯೂಟ್ರಲ್ಲಿಗೆ ತಂದು ಆಕ್ಸಿಲರೇಟರ್ ಬಿಡಿ. ಇಂಜಿನ್ ವೇಗ ತಕ್ಷಣ ಇಳಿಯುತ್ತದೆ. ಗುಂಯ್‌ಗುಡಿತವೂ ಅದರೊಂದಿಗೆ ಇಳಿದರೆ ಚಕ್ರದ್ದಲ್ಲ. ಕಾರಿನ ಓಟದೊಂದಿಗೆ ಮೆಲ್ಲಮೆಲ್ಲನೆ ಇಳಿದರೆ ಅದು ಚಕ್ರ, ಟೈರು, ಬೇರಿಂಗ್ ಈ ಬಳಗದ್ದು. ಈ ಪರೀಕ್ಷೆಯನ್ನು ಘಾಟಿಯಲ್ಲಾಗಲಿ ಇಳಿಜಾರಿನಲ್ಲಾಗಲಿ ಖಂಡಿತ ಮಾಡಬಾರದು. ಇಗ್ನಿಷನ್ ಕೀಲಿಯನ್ನಂತೂ ತಿರುಗಿಸಲೇಬಾರದು. ಇಂಜಿನ್ ನಿಂತರೆ ಬ್ರೇಕಿಗೂ ಸ್ಟೀರಿಂಗಿಗೂ ಸಿಗುವ ನೆರವು ತಪ್ಪಿ, ಸ್ಟೀರಿಂಗ್ ಬೀಗವೂ ಬಿದ್ದೀತು. ಜೀಪು ಇರುವವರು ಇನ್ನೊಂದನ್ನು ಗಮನಿಸಬೇಕು. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದರೆ ಸಂಶಯ ಡಿಫರೆನ್ಷಿಯಲ್ಲಿನ ಮೇಲೆ ಹೋಗಬೇಕು.

ಎರಡನೆಯದು ರಸ್ತೆಯೇ ಹೇಳಿಕೊಡುವ ಪರೀಕ್ಷೆ. ಬೆಂಗಳೂರಿನಲ್ಲಿ ಈಗ ಹಲವು ರಸ್ತೆಗಳಿಗೆ ಡಾಂಬರಿನ ಮೇಲೆ ಕಾಂಕ್ರೀಟ್ ಹಾಸಿದ್ದಾರೆ. ಡಾಂಬರಿನಿಂದ ಕಾಂಕ್ರೀಟಿಗೆ ಹತ್ತಿದಾಗ ಸದ್ದಿನ ಧ್ವನಿ ಥಟ್ಟನೆ ಬದಲಾದರೆ ಅದು ಟೈರಿನ ಸದ್ದು. ಬೇರಿಂಗಿಗೆ ಕೆಳಗಿರುವುದು ಡಾಂಬರೋ ಕಾಂಕ್ರೀಟೋ ಎಂಬ ಪರಿವೆಯಿಲ್ಲ, ಅದು ಎಲ್ಲಿಯೂ ಒಂದೇ ಶ್ರುತಿಯಲ್ಲಿ ನರಳುತ್ತದೆ. 2010ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿಯ ಎತ್ತರದ ರಸ್ತೆ ಸುಮಾರು 10 ಕಿಲೋಮೀಟರ್ ಉದ್ದವಿದ್ದು ಇಂಥ ಆಲಿಸುವಿಕೆಗೆ ಒಳ್ಳೆಯ ಜಾಗ. ಆದರೆ ಅಲ್ಲಿ ಸೇತುವೆಯ ಕೀಲುಗಳ ಮೇಲೆ ಹಾಯುವಾಗ ಬರುವ ದಡಕ್ ದಡಕ್ ಸದ್ದನ್ನು ಕಾರಿನ ಲೆಕ್ಕಕ್ಕೆ ಹಾಕಬೇಡಿ. ಚಕ್ರದ್ದೋ ರಸ್ತೆಯದ್ದೋ ಎಂದು ತಿಳಿಯಲು ಸಣ್ಣ ಗಣಿತ ಸಾಕು. ಸಣ್ಣ ಕಾರಿನ ಚಕ್ರದ ಸುತ್ತಳತೆ 1.8 ಮೀಟರ್ ಆಸುಪಾಸು. 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 10 ಮೀಟರ್. ಚಕ್ರ ಸೆಕೆಂಡಿಗೆ ಐದಾರು ಸುತ್ತು ತಿರುಗುತ್ತದೆ. ಟೈರಿನ ಸಂದಿನಲ್ಲಿ ಸಿಕ್ಕಿದ ಕಲ್ಲು, ಮೊಳೆ ಇದ್ದರೆ ಅಷ್ಟೇ ಸಲ ಟಿಕ್ ಟಿಕ್ ಎನ್ನುತ್ತದೆ. ಸೇತುವೆಯ ಕೀಲಾದರೋ ಆ ವೇಗದಲ್ಲಿ ಹಲವು ಸೆಕೆಂಡಿಗೆ ಒಮ್ಮೆ ಮಾತ್ರ ಬಡಿಯುತ್ತದೆ.

ಮೂರನೆಯದು ತಿರುವು. ಕಾರು ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಬಲಕ್ಕೆ ತಿರುಗುವಾಗ ಎಡಗಡೆಯವುಗಳ ಮೇಲೆ. ಎಡತಿರುವಿನಲ್ಲಿ ಗುಂಯ್‌ಗುಡಿತ ಹೆಚ್ಚಿ ಬಲತಿರುವಿನಲ್ಲಿ ತಗ್ಗಿದರೆ ಬಲಗಡೆಯ ಬೇರಿಂಗನ್ನು ಮೊದಲು ನೋಡಬೇಕು. ಇದು ನೂರಕ್ಕೆ ನೂರು ಕರಾರುವಾಕ್ಕಾದ ನಿಯಮವಲ್ಲ, ಆದರೆ ಹೆಚ್ಚು ಸಲ ಸರಿಹೋಗುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಹೊರಟಾಗ ಟಕ ಟಕ ಟಕ ಎಂಬ ಸದ್ದು ಬಂದರೆ ಅದು ಬೇರಿಂಗೂ ಅಲ್ಲ, ಟೈರೂ ಅಲ್ಲ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಆಕ್ಸಲ್ ತುದಿಯ ಕೀಲಿನ ರಬ್ಬರ್ ಚೀಲ ಹರಿದು, ಗ್ರೀಸು ಚೆಲ್ಲಿ, ಮಣ್ಣು ಸೇರಿದ್ದರ ಲಕ್ಷಣ ಅದು. ರಬ್ಬರ್ ಹರಿದಾಗಲೇ ಬದಲಿಸಿದರೆ ಕೀಲು ಉಳಿಯುತ್ತದೆ.

ಇನ್ನು ಕಾರು ನಿಲ್ಲಿಸಿ ಮಾಡುವ ಕೆಲಸ. ಅಂಗೈಯನ್ನು ಟೈರಿನ ಹಲ್ಲಿನ ಮೇಲೆ ಹೊರಗಿನಿಂದ ಒಳಕ್ಕೆ, ಅನಂತರ ಒಳಗಿನಿಂದ ಹೊರಕ್ಕೆ ಆಡಿಸಬೇಕು. ತಂತಿ ಹೊರಬಂದಿದ್ದೀತು, ಎಚ್ಚರವಿರಲಿ. ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ತಗುಲಿದರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ ಎಂದರ್ಥ. ಸುತ್ತಲೂ ಅಲ್ಲಲ್ಲಿ ತಟ್ಟೆಯಂಥ ತಗ್ಗುಗಳಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರುವುದು, ಇಲ್ಲವೆ ಬ್ಯಾಲೆನ್ಸಿಂಗ್ ತಪ್ಪಿರುವುದು ಕಾರಣವಾಗಿರಬಹುದು. ಇಂಥಲ್ಲಿ ಹೊಸ ಟೈರು ಹಾಕಿ ಕಾರಣವನ್ನು ಹಾಗೆಯೇ ಬಿಟ್ಟರೆ ಹೊಸದೂ ಹಾಗೆಯೇ ಸವೆಯುತ್ತದೆ. ಖಚಿತಪಡಿಸಿಕೊಳ್ಳುವ ಅಗ್ಗದ ವಿಧಾನವೆಂದರೆ ಮುಂದಿನ ಟೈರುಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿ ಓಡಿಸಿ ನೋಡುವುದು. ಸದ್ದೂ ಜಾಗ ಬದಲಿಸಿದರೆ ಟೈರೇ ಕಾರಣ. ಮೇಲೆ ಹೇಳಿದ ಬೆಳೆಗಾರರಿಗೆ ಇಷ್ಟನ್ನು ಯಾರಾದರೂ ಮೊದಲು ಹೇಳಿದ್ದರೆ ಸಾಕಿತ್ತು.

ಬೇರಿಂಗ್ ಪರೀಕ್ಷೆಗೆ ಚಕ್ರವನ್ನು ಜಾಕಿನಿಂದ ಎತ್ತಬೇಕು. ಗಟ್ಟಿ ನೆಲದಲ್ಲಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿನ ಪಕ್ಕಕ್ಕೆ ಗಟ್ಟಿ ಮರದ ದಿಮ್ಮಿಯೊಂದನ್ನು ಆಧಾರ ಕೊಟ್ಟ ಮೇಲೆಯೇ ಕೈಹಾಕುವುದು. ಜಾಕನ್ನು ಮಾತ್ರ ನಂಬಿ ಕಾರಿನಡಿಗೆ ತಲೆ ಹಾಕುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಚಕ್ರದ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಅಲುಗಿಸಿ. ಕಟಕಟ ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡಬಲದ ಅಂಚು ಹಿಡಿದಾಗ ಮಾತ್ರ ಆಡಿದರೆ ಸ್ಟೀರಿಂಗಿನ ಟೈ ರಾಡ್. ಬಳಿಕ ಒಂದು ಕೈಯನ್ನು ಸ್ಪ್ರಿಂಗಿನ ಸುರುಳಿಯ ಮೇಲಿಟ್ಟು ಇನ್ನೊಂದರಿಂದ ಚಕ್ರ ತಿರುಗಿಸಿ. ಕೆಟ್ಟ ಬೇರಿಂಗು ಹಿಟ್ಟಿನ ಕಲ್ಲಿನಂತೆ ಗರಗರ ಎನ್ನುವುದು ಬೆರಳಿಗೇ ತಿಳಿಯುತ್ತದೆ.

ನಮ್ಮ ಕಡೆಯ ವಾಹನಗಳ ಬೇರಿಂಗ್ ನಗರದವರ ಕಾರುಗಳಿಗಿಂತ ಬೇಗ ಸೋಲುವುದಕ್ಕೆ ಒಂದು ವಿಶೇಷ ಕಾರಣವಿದೆ: ಹಳ್ಳ ದಾಟುವುದು. ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ನೀರನ್ನು ಒಳಕ್ಕೆ ಹೀರುತ್ತದೆ. ನೀರು ಸೇರಿದ ಗ್ರೀಸು ಬೆಳ್ಳಗೆ ಮೊಸರಿನಂತಾಗುತ್ತದೆ; ಗುಂಡುಗಳು ತುಕ್ಕು ಹಿಡಿಯುತ್ತವೆ. ಹಳ್ಳಕ್ಕೆ ಇಳಿಯುವ ಮೊದಲು ಹತ್ತು ನಿಮಿಷ ನಿಂತು ಹಬ್ ಆರಲು ಬಿಡುವುದು ಖರ್ಚಿಲ್ಲದ ಮದ್ದು. ಬೋರ್ಡೋ ಹೊಡೆಯುವ ಪಂಪಿನಿಂದಲೇ ಚಕ್ರಕ್ಕೆ ರಭಸದ ನೀರು ಬಿಟ್ಟು ತೊಳೆಯುವ ಅಭ್ಯಾಸವೂ ಒಳ್ಳೆಯದಲ್ಲ. ಹಳೆಯ ಜೀಪುಗಳಲ್ಲಿ ಬೇರಿಂಗನ್ನು ಬಿಚ್ಚಿ, ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು, ಹೊಸ ಗ್ರೀಸು ತುಂಬಿ, ನಟ್ಟನ್ನು ಹದವಾಗಿ ಬಿಗಿಯಬಹುದು. ಮಳೆಗಾಲ ಕಳೆದ ಕೂಡಲೇ ಇದನ್ನು ಮಾಡಿಸುವುದು ಲೇಸು. ಈಚಿನ ಕಾರುಗಳಲ್ಲಿ ಬೇರಿಂಗು ಮುಚ್ಚಿದ ಗಂಟಾಗಿ ಬರುತ್ತದೆ. ಅದನ್ನು ಇಡಿಯಾಗಿಯೇ ಬದಲಿಸಬೇಕು.

ಬೇರಿಂಗಿನ ಮಾತು ಬಂದಾಗ ಒಂದು ಕತೆ. ಸ್ವೀಡನ್ ದೇಶದ ಗೋಥೆನ್‌ಬರ್ಗಿನ ಬಟ್ಟೆಗಿರಣಿಯೊಂದರಲ್ಲಿ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬ ಇಂಜಿನಿಯರರಿದ್ದರು. ಗಿರಣಿ ನಿಂತಿದ್ದ ಜೇಡಿನೆಲ ಜರುಗಿ ಉದ್ದನೆಯ ಶಾಫ್ಟುಗಳು ಓರೆಯಾಗಿ ಬೇರಿಂಗುಗಳು ಪದೇಪದೇ ಸಾಯುತ್ತಿದ್ದುವು. ಶಾಫ್ಟು ಓರೆಯಾದರೂ ತಾನೇ ಹೊಂದಿಕೊಳ್ಳುವ ಬೇರಿಂಗನ್ನು ಅವರು 1907ರಲ್ಲಿ ರೂಪಿಸಿದರು. ಅದೇ ವರ್ಷ ಹುಟ್ಟಿದ ಎಸ್.ಕೆ.ಎಫ್. ಕಂಪೆನಿಯ ಕಾರ್ಖಾನೆಯೊಂದು ಎಲೆಕ್ಟ್ರಾನಿಕ್ ಸಿಟಿಯಿಂದಾಚೆಯ ಬೊಮ್ಮಸಂದ್ರದಲ್ಲಿದೆ. ಬೇರಿಂಗ್ ಕೊಳ್ಳುವಾಗ ಯಾವುದೇ ತಯಾರಕರದಾಗಲಿ, ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳಿ. ಹೆಸರಾಂತ ಡಬ್ಬಿಯಲ್ಲಿ ನಕಲಿ ಮಾಲು ಬರುವುದು ಬಿಡಿಭಾಗಗಳ ಪೇಟೆಯಲ್ಲಿ ಅಪರೂಪವಲ್ಲ.

ಹೆದರಬೇಕಿಲ್ಲದ ಸದ್ದುಗಳೂ ಕೆಲವಿವೆ. ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಟೈರು ನೆಲಕ್ಕೆ ತಗುಲಿದ ಕಡೆ ಚಪ್ಪಟೆಯಾಗಿ ಮೊದಲ ಕೆಲವು ಕಿಲೋಮೀಟರ್ ಧಬಧಬ ಎಂದು ಆಮೇಲೆ ಸರಿಹೋಗುತ್ತದೆ. ಬ್ರೇಕ್ ಡಿಸ್ಕಿಗೆ ಹಿಡಿದ ಮೇಲ್ತುಕ್ಕು ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಕೆಸರಿಗೆಂದೇ ಮಾಡಿದ ದಪ್ಪ ಹಲ್ಲಿನ ಜೀಪ್ ಟೈರು ಡಾಂಬರಿನ ಮೇಲೆ ಹಾಡುವುದು ಅದರ ಜಾಯಮಾನ. ಮುರಕಲ್ಲಿನ ಚೂರೊಂದು ಬ್ರೇಕ್ ಡಿಸ್ಕಿಗೂ ಹಿಂದಿನ ತಗಡಿಗೂ ನಡುವೆ ಸಿಕ್ಕಿದರೆ ಕಿವಿ ಕೊಯ್ಯುವಂಥ ಕಿರುಚಾಟ ಕೇಳಿ ಜೀವ ಬಾಯಿಗೆ ಬರುತ್ತದೆ. ನಿಧಾನವಾಗಿ ಸ್ವಲ್ಪ ಹಿಂದಕ್ಕೆ ಓಡಿಸಿದರೆ ಎಷ್ಟೋ ವೇಳೆ ತಾನೇ ಉದುರುತ್ತದೆ. ಆದರೆ ಕಿರಿಕಿರಿ ಸದ್ದು ಪ್ರತಿದಿನವೂ ಬರುತ್ತಿದ್ದು ಬ್ರೇಕ್ ಒತ್ತಿದಾಗ ಬದಲಾಗುತ್ತಿದ್ದರೆ ಪ್ಯಾಡ್ ಸವೆದಿದೆ. ಹಲವು ಕಾರುಗಳಲ್ಲಿ ಪ್ಯಾಡಿಗೆ ಸಣ್ಣ ತಗಡನ್ನು ಇಟ್ಟಿರುವುದೇ ಸವೆದಾಗ ಕಿರುಚಲೆಂದು.

ತಕ್ಷಣ ನಿಲ್ಲಿಸಬೇಕಾದವು ಎರಡು. ನಗರದ ಗುಂಡಿಗೆ ಬಲವಾಗಿ ಬಿದ್ದ ಬಳಿಕ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಂಥ ಉಬ್ಬು ಕಂಡರೆ ಒಳಗಿನ ನೂಲುಪದರ ಹರಿದಿದೆ. ಅದಕ್ಕೆ ತೇಪೆಯಿಲ್ಲ. ಸ್ಟೆಪ್ನಿ ಹಾಕಿಕೊಂಡೇ ಮುಂದೆ ಹೋಗಬೇಕು. ಸ್ಟೆಪ್ನಿಯ ವಯಸ್ಸನ್ನೂ ಆಗಲೇ ನೋಡಿ: ಟೈರಿನ ಪಕ್ಕದಲ್ಲಿ 2319 ಎಂಬಂಥ ನಾಲ್ಕು ಅಂಕೆ ಇರುತ್ತದೆ. ಅದು 2019ನೇ ಇಸವಿಯ 23ನೇ ವಾರದ ತಯಾರಿಕೆ ಎಂದರ್ಥ. ಹತ್ತು ವರ್ಷ ಡಿಕ್ಕಿಯಲ್ಲಿ ಕುಳಿತ ಟೈರು ಹೊಸದರಂತೆ ಕಂಡರೂ ಹೊಸದಲ್ಲ. ಹಲ್ಲಿನ ಆಳ 1.6 ಮಿಲಿಮೀಟರಿಗೆ ಇಳಿದ ಟೈರೂ ಬದಲಿಸತಕ್ಕದ್ದೇ. ಸಂದಿನಲ್ಲಿರುವ ಸಣ್ಣ ದಿಬ್ಬಗಳ ಮಟ್ಟಕ್ಕೆ ಹಲ್ಲು ಸವೆದಾಗ ಆ ಅಳತೆ ಬಂದಂತೆ.

ಎರಡನೆಯದು ಸಡಿಲ ನಟ್ಟು. ವೇಗಕ್ಕೆ ತಕ್ಕಂತೆ ಬದಲಾಗುವ ಲಟಕ್ ಲಟಕ್ ಸದ್ದು, ಜೊತೆಗೆ ಸ್ಟೀರಿಂಗಿನ ಅಲುಗಾಟ ಇದರ ಲಕ್ಷಣ. ಪಂಕ್ಚರ್ ಹಾಕಿಸಿಯೋ ಟೈರು ಬದಲಿಸಿಯೋ ಹೊರಟವರು 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಬೇಕು. ಪೀಣ್ಯದಲ್ಲಿ ಟೈರು ಹಾಕಿಸಿಕೊಂಡು ಹಾಸನದ ದಾರಿ ಹಿಡಿದವರು ಕುಣಿಗಲ್ ಹತ್ತಿರ ಕಾಫಿಗೆ ನಿಲ್ಲಿಸಿದಾಗ, ಶಿವಮೊಗ್ಗದ ದಾರಿಯವರು ತುಮಕೂರಿನಲ್ಲಿ, ಡಿಕ್ಕಿಯಿಂದ ಪಾನಾ ತೆಗೆದು ಒಂದಕ್ಕೊಂದು ಎದುರಿನ ನಟ್ಟುಗಳನ್ನು ಸರದಿಯಂತೆ ಬಿಗಿದುಕೊಂಡರೆ ಐದು ನಿಮಿಷದ ಕೆಲಸ.